ಜೋಡು ಕಾಣದ ಟೆಕ್ಸ್ಚರ್: ಫೋಟೊ, ಸ್ಕ್ಯಾನರ್, ನೋಡ್, ಲೈಬ್ರರಿ, ಎಐ, ಯಾವ ವಸ್ತುವಿಗೆ ಯಾವ ದಾರಿ?

ಒಮ್ಮೆ ತೇಗದ ಊಟದ ಟೇಬಲ್ ಒಂದನ್ನು ಕಂಪ್ಯೂಟರಿನಲ್ಲಿ 3ಡಿ ಮಾದರಿ ಮಾಡಿ, ಫೋಟೊದ ಹಾಗೆ ರೆಂಡರ್ ಮಾಡಿ ಕೊಟ್ಟಿದ್ದೆ. ಆರು ಅಡಿ ಉದ್ದ, ಮೂರು ಅಡಿ ಅಗಲ. ಬೆಳಕು ಚೆನ್ನಾಗಿ ಕೂತಿತ್ತು. ಟೆಕ್ಸ್ಚರಿನ, ಅಂದರೆ ಮಾದರಿಯ ಮೈಗೆ ಮತ್ತೆ ಮತ್ತೆ ಹಾಸುವ ಮರದ ಚಿತ್ರದ, ಜೋಡು ಎಲ್ಲೂ ಕಾಣುತ್ತಿರಲಿಲ್ಲ, ಅದಕ್ಕೆಂದೇ ಅರ್ಧ ದಿನ ಕೂತು ತಿದ್ದಿದ್ದೆ. ಟೇಬಲ್ ಮಾಡುವ ಬಡಗಿ ಫೋನಿನಲ್ಲಿ ಚಿತ್ರ ನೋಡಿದರು. ಒಂದು ಕ್ಷಣವೂ ಆಗಿರಲಿಲ್ಲ, “ಏನ್ರೀ ಇದು, ಒಂದೇ ಗಂಟು ನಾಲ್ಕು ಕಡೆ ಬಂದಿದೆಯಲ್ಲ?” ಅಂದರು. ನಿಜ. ನಾಲ್ಕು ಕಡೆ, ಒಂದೇ ಗಾತ್ರ, ಒಂದೇ ಓರೆ. ಮರದ ಜೊತೆ ಬದುಕಿದವರ ಕಣ್ಣಿಗೆ ಅದು ಮರವೇ ಅಲ್ಲ.

ಅವತ್ತಿನಿಂದ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಜೋಡಿನ ಗೆರೆ ಅಳಿಸುವುದು ಸುಲಭದ ಕೆಲಸ, ಕೈ ಕೂತರೆ ಹತ್ತು ನಿಮಿಷ ಸಾಕು. ಮರುಕಳಿಕೆ ಕಾಣದ ಹಾಗೆ ಮಾಡುವುದೇ ಕಷ್ಟ. ಹಾಗಾಗಿ “ಸೀಮ್‌ಲೆಸ್ ಟೆಕ್ಸ್ಚರ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೇದು?” ಎಂದು ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುತ್ತೇನೆ: ಯಾವ ವಸ್ತು?

ಇಳಕಲ್ ಅಂದರೆ ನಮಗೆಲ್ಲ ಸೀರೆ ನೆನಪಾಗುತ್ತದೆ. ಕಲ್ಲಿನ ವ್ಯಾಪಾರದವರಿಗೆ ಅದೇ ಊರು ಕೆಂಪು ಗ್ರಾನೈಟಿನ ಊರು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೀರೆಯ ಚೌಕಳಿ ತಾನಾಗಿಯೇ ಮರುಕಳಿಸುತ್ತದೆ. ಹಾಸಿನಲ್ಲಿ, ಅಂದರೆ ಉದ್ದದ ಎಳೆಗಳಲ್ಲಿ, ಇಷ್ಟು ಎಳೆ ಒಂದು ಬಣ್ಣ, ಇಷ್ಟು ಎಳೆ ಇನ್ನೊಂದು ಬಣ್ಣ ಎಂದು ಲೆಕ್ಕ ಹಾಕಿಯೇ ಮಗ್ಗಕ್ಕೆ ಏರಿಸಿರುತ್ತಾರೆ. ಅಂದರೆ ನಮ್ಮ ಟೈಲನ್ನು, ಮತ್ತೆ ಮತ್ತೆ ಹಾಸುವ ಆ ಒಂದು ತುಂಡನ್ನು, ನೇಕಾರರೇ ಮಾಡಿಟ್ಟಿದ್ದಾರೆ, ಕತ್ತರಿಸುವ ಜಾಗ ಹುಡುಕುವುದಷ್ಟೇ ನಮ್ಮ ಕೆಲಸ. ಗ್ರಾನೈಟಿನಲ್ಲಿ ಒಂದು ಹರಳು ಇನ್ನೊಂದರ ಹಾಗಿರುವುದಿಲ್ಲ. ಅಲ್ಲಿ ಟೈಲನ್ನು ನಾವೇ ಹುಟ್ಟಿಸಬೇಕು. ಈ ವ್ಯತ್ಯಾಸ ತಿಳಿದರೆ ಸಾಫ್ಟ್‌ವೇರ್ ಆಯ್ಕೆಯ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ವಸ್ತುವಿನಲ್ಲೇ ಮರುಕಳಿಕೆ ಇದೆಯಾ? ಬಟ್ಟೆ, ಬೆತ್ತದ ಹೆಣಿಗೆ, ಟೈಲ್ಸ್ ಹಾಕಿದ ನೆಲ, ಇಟ್ಟಿಗೆ ಗೋಡೆ: ಇವುಗಳಲ್ಲಿ ಇದೆ. ಮರ, ಗ್ರಾನೈಟ್, ಚರ್ಮ, ರೆಡ್ ಆಕ್ಸೈಡ್ ನೆಲ: ಇವುಗಳಲ್ಲಿ ಇಲ್ಲ. ಮರದ್ದು ಮಾತ್ರ ನಡುವಿನ ಸ್ಥಿತಿ, ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯದು, ಕೊಳ್ಳುವವರ ಕೈ ಸೇರುವುದು ಇದೇ ವಸ್ತುವಾ, ಅಥವಾ ಹಿಂದೆ ಸುಮ್ನೆ ಕಾಣುವ ಗೋಡೆಯಾ? ಸೋಫಾದ ಬಟ್ಟೆ ಮಾರುತ್ತಿದ್ದರೆ ಆ ಬಟ್ಟೆಯೇ ಬೇಕು, ಅದರ ಹಾಗಿರುವ ಇನ್ನೊಂದಲ್ಲ. ಬಣ್ಣ ಸ್ವಲ್ಪ ಬೇರೆ ಬಂದರೂ ಗ್ರಾಹಕರು ವಾಪಸ್ ಕಳಿಸುತ್ತಾರೆ. ಸೋಫಾದ ಹಿಂದಿನ ಗೋಡೆಗೆ ಈ ಕಟ್ಟುಪಾಡು ಇಲ್ಲ.

ಮೂರನೆಯದು, ಕ್ಯಾಮೆರಾ ಎಷ್ಟು ಹತ್ತಿರ ಹೋಗುತ್ತದೆ? ಇದನ್ನು ಲೆಕ್ಕ ಹಾಕಿಯೇ ನೋಡಬೇಕು. 3840 ಪಿಕ್ಸೆಲ್ ಅಗಲದ ಚಿತ್ರದಲ್ಲಿ 180 ಸೆಂಟಿಮೀಟರಿನ ಟೇಬಲ್ ಪೂರ್ತಿ ಹಿಡಿಸಿದರೆ ಒಂದು ಸೆಂಟಿಮೀಟರಿಗೆ ಸುಮಾರು 21 ಪಿಕ್ಸೆಲ್ ಸಿಗುತ್ತದೆ. 50 ಸೆಂಟಿಮೀಟರ್ ಜಾಗವನ್ನು 2048 ಪಿಕ್ಸೆಲಿನ ಟೈಲ್ ಮುಚ್ಚಿದರೆ ಸೆಂಟಿಮೀಟರಿಗೆ 41 ಪಿಕ್ಸೆಲ್. ಬೇಕಾದ್ದರ ಎರಡರಷ್ಟು ಇದೆ, ಆರಾಮ. ಅದೇ ಕ್ಯಾಮೆರಾ ಟೇಬಲಿನ ಮೂಲೆಗೆ ಹೋಗಿ 20 ಸೆಂಟಿಮೀಟರ್ ಮಾತ್ರ ತೋರಿಸಿದರೆ ಸೆಂಟಿಮೀಟರಿಗೆ 192 ಪಿಕ್ಸೆಲ್ ಬೇಕು. ಆಗ ಅದೇ ಟೈಲ್ ಹನ್ನೊಂದು ಸೆಂಟಿಮೀಟರ್ ಕೂಡ ಮುಚ್ಚಲಾರದು. ದೂರದ ಚಿತ್ರಕ್ಕೂ ಹತ್ತಿರದ ಚಿತ್ರಕ್ಕೂ ಒಂದೇ ಟೆಕ್ಸ್ಚರ್ ಸಾಕು ಅಂದುಕೊಂಡವರು ಮೋಸಹೋಗುವುದು ಇಲ್ಲೇ.

ನಾಲ್ಕನೆಯದು, ಬಣ್ಣದ ಚಿತ್ರದಲ್ಲಿ ಬೆಳಕು ಸೇರಿಕೊಂಡಿದೆಯಾ? ಎಡಗಡೆ ಬೆಳಗಿ ಬಲಗಡೆ ಮಂಕಾದ ಫೋಟೊವನ್ನು ಟೈಲ್ ಮಾಡಿದರೆ ನೆಲದ ಮೇಲೆ ಪಟ್ಟೆಪಟ್ಟೆ ಮೂಡುತ್ತದೆ. ಬಣ್ಣ ಒಂದೇ ಸಾಲದು ಕೂಡ. ಎಲ್ಲಿ ನುಣುಪು ಎಲ್ಲಿ ತರಿ ಎಂದು ಹೇಳುವ ರಫ್‌ನೆಸ್, ಉಬ್ಬುತಗ್ಗು ಹೇಳುವ ನಾರ್ಮಲ್ ಮ್ಯಾಪ್ ಬೇಕು. ಕಣ್ಣಿಗೆ ನಿಜ ಅನ್ನಿಸುವುದು ಬಣ್ಣಕ್ಕಿಂತ ರಫ್‌ನೆಸ್‌ನಿಂದಲೇ ಜಾಸ್ತಿ ಎನ್ನುವುದು ನನ್ನ ಅನುಭವ.

ಐದನೆಯದು ದುಡ್ಡು, ಸಮಯ, ಬಳಸುವ ಹಕ್ಕು. ಇದನ್ನು ಒಂದೊಂದು ದಾರಿಯ ಜೊತೆಗೇ ಹೇಳುತ್ತೇನೆ.

ಫೋನ್ ಅಥವಾ ಕ್ಯಾಮೆರಾದಲ್ಲಿ ತೆಗೆದು ತಿದ್ದುವುದು

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ, ತಪ್ಪೇನಿಲ್ಲ. ಖರ್ಚು ಬಹುತೇಕ ಇಲ್ಲ. ಚಿತ್ರ ತಿದ್ದುವ ಸಾಫ್ಟ್‌ವೇರುಗಳಾದ ಗಿಂಪ್, ಕ್ರಿಟಾ ಎರಡೂ ಉಚಿತ.

ಮೋಡ ಮುಸುಕಿದ ದಿನ ಹೊರಗೆ ಇಟ್ಟು ತೆಗೆಯಿರಿ. ಹತ್ತಿರ ನಿಂತು ತೆಗೆಯುವ ಬದಲು ಸ್ವಲ್ಪ ದೂರ ನಿಂತು ಜೂಮ್ ಮಾಡಿ, ಆಗ ಅಂಚುಗಳು ಬಾಗುವುದಿಲ್ಲ. ಚೌಕಟ್ಟಿನ ಒಂದು ಬದಿಗೆ ಸ್ಕೇಲ್ ಇಡಿ. ಇದನ್ನು ಹತ್ತು ಸಲ ಹೇಳಿದರೂ ಕಡಿಮೆಯೇ. ಅಳತೆ ಗೊತ್ತಿಲ್ಲದ ಟೆಕ್ಸ್ಚರ್ ಇದ್ದರೆ ಎರಡು ವಾರದ ನಂತರ ಮರದ ಗೆರೆ ಎಷ್ಟು ದಪ್ಪ ಇತ್ತು ಎಂದು ಊಹೆ ಮಾಡುತ್ತಾ ಕೂರಬೇಕಾಗುತ್ತದೆ. ಬೂದು ಬಣ್ಣದ ಗ್ರೇ ಕಾರ್ಡ್ ಒಂದು ಇದ್ದರೆ ಬಣ್ಣದ ಸಮತೋಲನಕ್ಕೂ ಆಧಾರ ಸಿಗುತ್ತದೆ.

ತಿದ್ದುವ ಕ್ರಮ ಹೀಗೆ. ಮೊದಲು ಓರೆ ತೆಗೆದು ನೇರ ಮಾಡಿ. ಆಮೇಲೆ ಬೆಳಕಿನ ಏರಿಳಿತ ಸಮ ಮಾಡಿ: ಚಿತ್ರದ ಒಂದು ಪ್ರತಿಯನ್ನು ತುಂಬಾ ಮಸುಕು ಮಾಡಿದರೆ ಬರೀ ಬೆಳಕಿನ ಏರಿಳಿತ ಉಳಿಯುತ್ತದೆ, ಅದನ್ನು ಮೂಲದಿಂದ ಕಳೆದು ಸರಾಸರಿ ಬಣ್ಣ ಮತ್ತೆ ಸೇರಿಸಬೇಕು. ಇದಾದ ಮೇಲೇ ಜೋಡಿನ ಕೆಲಸ. ಗಿಂಪ್‌ನಲ್ಲಿ ಆಫ್‌ಸೆಟ್ ಕೊಟ್ಟು ಅಗಲ, ಎತ್ತರ ಎರಡನ್ನೂ ಅರ್ಧದಷ್ಟು ಸರಿಸಿದರೆ ನಾಲ್ಕು ಅಂಚುಗಳೂ ನಡುವೆ ಬಂದು ಕೂಡಿಕೆಯ ಗುರುತಿನ ಹಾಗೆ ಕಾಣುತ್ತವೆ. ಫೋಟೊಶಾಪ್‌ನಲ್ಲೂ ಆಫ್‌ಸೆಟ್ ಇದೆ, ‘ರ‍್ಯಾಪ್ ಅರೌಂಡ್’ ಆರಿಸಿಕೊಳ್ಳಬೇಕು. ಆ ಗುರುತನ್ನು ಚಿತ್ರದ ಬೇರೆ ಭಾಗ ನಕಲಿಸಿ ಮುಚ್ಚುವ ಕ್ಲೋನ್, ಹೀಲ್ ಟೂಲಿನಿಂದ ಅಳಿಸಿ. ಕ್ರಿಟಾ ಇನ್ನೂ ಸಲೀಸು: ‘ಡಬ್ಲ್ಯೂ’ ಕೀ ಒತ್ತಿದರೆ ಚಿತ್ರ ಎಲ್ಲ ಕಡೆ ಹಾಸಿದ ಹಾಗೆ ಕಾಣುತ್ತದೆ, ಅದರ ಮೇಲೇ ನೇರವಾಗಿ ಬಣ್ಣ ಹಚ್ಚಬಹುದು.

ಗಿಂಪ್‌ನಲ್ಲಿ ‘ಟೈಲ್ ಸೀಮ್‌ಲೆಸ್’ ಎಂಬ ಒಂದೇ ಕ್ಲಿಕ್ಕಿನ ಫಿಲ್ಟರ್ ಇದೆ. ಅದು ಚಿತ್ರವನ್ನು ಅದರ ಮೇಲೇ ಅರೆಪಾರದರ್ಶಕವಾಗಿ ಬೆರೆಸುತ್ತದೆ. ಮರಳು, ಮಣ್ಣಿಗೆ ನಡೆಯುತ್ತದೆ. ಮರಕ್ಕೆ ಹಾಕಿದರೆ ಒಂದು ಗೆರೆಯ ಮೇಲೆ ಇನ್ನೊಂದರ ನೆರಳು ಬಿದ್ದ ಹಾಗೆ ಆಗುತ್ತದೆ.

ಹೊಳೆಯುವ ವಸ್ತುಗಳಲ್ಲಿ ಫೋಟೊ ಸೋಲುತ್ತದೆ. ಪಾಲಿಶ್ ಮಾಡಿದ ಮರದಲ್ಲಿ ಕಿಟಕಿಯ ಬಿಂಬ ಸೇರಿಕೊಳ್ಳುತ್ತದೆ. ಇದಕ್ಕೆ ಮದ್ದು ಪೋಲರೈಸಿಂಗ್ ಫಿಲ್ಮ್. ಒಂದು ಹಾಳೆ ಬೆಳಕಿನ ಮುಂದೆ, ಇನ್ನೊಂದು ಲೆನ್ಸಿನ ಮುಂದೆ, ಒಂದಕ್ಕೊಂದು 90 ಡಿಗ್ರಿ ತಿರುಗಿಸಿ. ಮೇಲ್ಮೈಯಿಂದ ನೇರ ಪುಟಿದ ಹೊಳಪು ತಡೆದುಹೋಗಿ, ಒಳಹೊಕ್ಕು ಹೊರಬಂದ ಬಣ್ಣ ಮಾತ್ರ ದಾಟುತ್ತದೆ. ಮೊದಲ ಸಲ ನೋಡಿದಾಗ ವಾರ್ನಿಶ್ ಕಿತ್ತು ತೆಗೆದ ಹಾಗೆ ಅನ್ನಿಸುತ್ತದೆ. ಆದರೆ ಲೋಹಕ್ಕೆ ಇದು ಆಗದು, ಲೋಹದಲ್ಲಿ ಇರುವುದೇ ಹೊಳಪು, ಅದನ್ನು ತಡೆದರೆ ಕಪ್ಪು ಉಳಿಯುತ್ತದೆ. ಬಿದರಿ ಹೂದಾನಿಯಂಥದ್ದು ಬಂದರೆ ನಾನು ಬಣ್ಣ ತೆಗೆಯಲು ಹೋಗುವುದೇ ಇಲ್ಲ. ಬೆಳ್ಳಿಯ ಬಳ್ಳಿ ಎಲ್ಲಿದೆ, ಕಪ್ಪು ಎಲ್ಲಿದೆ ಎನ್ನುವ ಕಪ್ಪುಬಿಳಿ ಮಾಸ್ಕ್ ಮಾತ್ರ ಫೋಟೊದಿಂದ ತೆಗೆಯುತ್ತೇನೆ. ಬೆಳ್ಳಿಯ ಹೊಳಪು, ಕಪ್ಪು ಲೋಹದ ಮಂಕು ಎರಡನ್ನೂ ಮೇಲ್ಮೈಯ ಗುಣ ಹೇಳುವ ಮೆಟೀರಿಯಲ್‌ನಲ್ಲಿ ಬೇರೆಬೇರೆ ಕೊಡುತ್ತೇನೆ.

ಸ್ಕ್ಯಾನರ್: ಬಟ್ಟೆಯವರು ಮರೆತ ಚಿನ್ನ

ಸೀರೆ, ಪರದೆ, ಸೋಫಾ ಬಟ್ಟೆ, ಕಾಗದ, ಪಾಲಿಶ್ ಮಾಡಿದ ಕಲ್ಲಿನ ಸ್ಯಾಂಪಲ್: ಇವುಗಳಿಗೆ ನನ್ನ ಮೊದಲ ಆಯ್ಕೆ ಆಫೀಸಿನ ಮೂಲೆಯಲ್ಲಿ ಧೂಳು ತಿನ್ನುವ ಫ್ಲಾಟ್‌ಬೆಡ್ ಸ್ಕ್ಯಾನರ್. ಇದರಲ್ಲಿ ಓರೆ ಇಲ್ಲ, ಬೆಳಕಿನ ಏರಿಳಿತ ಬಹುತೇಕ ಇಲ್ಲ, ಅಳತೆ ತಾನಾಗಿಯೇ ಬರುತ್ತದೆ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಸೆಂಟಿಮೀಟರಿಗೆ 236 ಪಿಕ್ಸೆಲ್. ಎ4 ಗಾಜು ಪೂರ್ತಿ ಸ್ಕ್ಯಾನ್ ಮಾಡಿದರೆ ಸುಮಾರು 4960 × 7016 ಪಿಕ್ಸೆಲ್ ಸಿಗುತ್ತದೆ. ಫೋನಿನಲ್ಲಿ ಇಷ್ಟು ಸಮತಟ್ಟಾದ ಚಿತ್ರ ಸಿಗುವುದು ಕಷ್ಟ.

ಇಳಕಲ್ ಸೀರೆಯ ಮೈಯನ್ನು ಹೇಗೆ ತೆಗೆಯುವುದು ಎಂದು ಒಂದು ಸಲ ಪೂರ್ತಿ ಹೇಳುತ್ತೇನೆ. ಬಟ್ಟೆಯನ್ನು ಇಸ್ತ್ರಿ ಮಾಡಿ. ಗಾಜಿನ ಮೇಲೆ ಹರಡುವಾಗ ಎಳೆಯಬೇಡಿ, ಎಳೆದರೆ ಚೌಕ ಉದ್ದವಾಗುತ್ತದೆ. ಹತ್ತಿ ಬಟ್ಟೆ ತೆಳುವಾಗಿದ್ದರೆ ಮುಚ್ಚಳದ ಬಿಳಿ ಎಳೆಗಳ ನಡುವೆ ಇಣುಕಿ ಬಣ್ಣ ತಿಳಿಯಾಗುತ್ತದೆ, ಅದಕ್ಕೆ ಅದೇ ಸೀರೆಯ ಇನ್ನೊಂದು ಮಡಿಕೆ ಹಿಂದೆ ಬರಲಿ. ಹಾಸಿನ ಎಳೆ ಗಾಜಿನ ಅಂಚಿಗೆ ನೇರವಾಗಿರಲಿ. ಸ್ಕ್ಯಾನ್ ಆದ ಮೇಲೆ ಹಿಗ್ಗಿಸಿ ಎಳೆಗಳನ್ನು ನೋಡಿ. ಎಡಕ್ಕೆ ಒಂದು ಚೌಕದ ಮೊದಲ ಬಣ್ಣದ ಎಳೆ ಹಿಡಿಯಿರಿ. ಐದಾರು ಚೌಕ ದಾಟಿ ಅದೇ ಜಾಗದ ಎಳೆ ಸಿಕ್ಕಾಗ ಆ ಎಳೆ ಸೇರದ ಹಾಗೆ ಅದರ ಅಂಚಿಗೇ ಕತ್ತರಿಸಿ. ಹೊಕ್ಕಿನ, ಅಂದರೆ ಅಡ್ಡ ಎಳೆಗಳ, ಕಡೆಯೂ ಹಾಗೆಯೇ. ಎಳೆಗೆ ಎಳೆ ಕೂತರೆ ಜೋಡು ಅಳಿಸುವ ಕೆಲಸವೇ ಇರುವುದಿಲ್ಲ. ಒಂದೇ ಚೌಕ ಸಾಕಲ್ಲ ಅಂತ ಕೇಳಬಹುದು. ಸಾಲದು, ಕೈಮಗ್ಗದಲ್ಲಿ ನೂಲಿನ ದಪ್ಪ ಅಲ್ಲಲ್ಲಿ ಬದಲಾಗುತ್ತದೆ, ಆ ಜೀವ ಉಳಿಯಬೇಕಾದರೆ ಐದಾರು ಚೌಕ ಬೇಕು. ಎದ್ದು ಕಾಣುವ ಗಂಟುನೂಲು ಒಂದೆರಡು ಇದ್ದರೆ ಮಾತ್ರ ಅಳಿಸಿಬಿಡಿ. ಅದು ಟೇಬಲಿನ ಗಂಟಿನ ಹಾಗೆಯೇ ಕಾಟ ಕೊಡುತ್ತದೆ.

ಹೀಗೆ 12 ಸೆಂಟಿಮೀಟರಿನ ತುಂಡು ಸಿಕ್ಕಿತು ಅನ್ನಿ. 600 ಡಿಪಿಐನಲ್ಲಿ ಅದು ಸುಮಾರು 2830 ಪಿಕ್ಸೆಲ್. 2048ಕ್ಕೆ ಇಳಿಸಿದರೆ ಸೆಂಟಿಮೀಟರಿಗೆ 170. ಸೆಂಟಿಮೀಟರಿಗೆ 30 ಎಳೆ ಇರುವ ಬಟ್ಟೆಯಾದರೆ ಒಂದೊಂದು ಎಳೆಗೂ ಐದಾರು ಪಿಕ್ಸೆಲ್ ಸಿಗುತ್ತದೆ, ಚೆನ್ನಾಗಿ ಕಾಣುತ್ತದೆ. ಎಳೆಗೆ ಎರಡು ಪಿಕ್ಸೆಲಿಗಿಂತ ಕಡಿಮೆಯಾದರೆ ಬಟ್ಟೆಯ ಮೇಲೆ ಇಲ್ಲದ ಅಲೆಅಲೆ ಪಟ್ಟೆ ಮೂಡುತ್ತದೆ. ಅದನ್ನು ಮ್ವಾರೆ ಅನ್ನುತ್ತಾರೆ, ಆಮೇಲೆ ಫಿಲ್ಟರಿನಿಂದ ಪೂರ್ತಿ ಸರಿ ಮಾಡುವುದು ಕಷ್ಟ.

ಸೆರಗನ್ನು ಮಾತ್ರ ಟೈಲ್ ಮಾಡಲು ಹೋಗಬೇಡಿ. ಟೋಪ್ ತೆನಿ ಸೆರಗಿನ ಬಿಳಿ ವಿನ್ಯಾಸ, ಮೈಗೂ ಸೆರಗಿಗೂ ನಡುವೆ ಕೊಂಡಿ ಹಾಕಿ ಸೇರಿಸಿದ ಜಾಗ, ಇವೆಲ್ಲ ಸೀರೆಗೆ ಒಂದೇ ಸಲ ಬರುವಂಥವು. ಅದು ಬೇರೆಯೇ ಚಿತ್ರವಾಗಿ ಇರಲಿ, ತುಂಡು ತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸಿ.

ಸ್ಕ್ಯಾನರಿನ ದೋಷಗಳೂ ಇವೆ. ತೆಳ್ಳಗಿನ ಅಗ್ಗದ ಸ್ಕ್ಯಾನರುಗಳಲ್ಲಿ ಇರುವುದು ಸಿಐಎಸ್ ಸೆನ್ಸರ್. ಗಾಜಿಗೆ ತಾಗದೆ ಒಂದೆರಡು ಮಿಲಿಮೀಟರ್ ದೂರ ಇದ್ದರೂ ಮಸುಕಾಗುತ್ತದೆ. ಒರಟು ಸೆಣಬು, ಉಬ್ಬು ಕಸೂತಿಗೆ ಸಿಸಿಡಿ ಸೆನ್ಸರಿನ ಹಳೆಯ ದಪ್ಪ ಸ್ಕ್ಯಾನರ್ ವಾಸಿ. ಜರಿ ಯಾವ ಸ್ಕ್ಯಾನರಿನಲ್ಲೂ ಮಂಕು ಕಂದಾಗಿ ಬರುತ್ತದೆ. ಅದಕ್ಕೂ ಬಿದರಿಯ ಉಪಾಯವೇ: ಮಾಸ್ಕ್ ತೆಗೆದು ಲೋಹ ಎಂದು ಹೇಳಿ. ಗ್ರಾನೈಟ್ ಸ್ಯಾಂಪಲ್ ಇಡುವಾಗ ಅಂಚು ತಾಗದ ಹಾಗೆ ನಿಧಾನಕ್ಕೆ ಇಡಿ, ಗಾಜಿಗೆ ಗೀರು ಬಿದ್ದರೆ ಆಮೇಲೆ ತೆಗೆದ ಪ್ರತಿ ಬಟ್ಟೆಯಲ್ಲೂ ಆ ಗೀರು ಬರುತ್ತದೆ.

ಒಂದೇ ಕ್ಯಾಮೆರಾ, ಎಂಟು ದಿಕ್ಕಿನ ಬೆಳಕು

ಅಥಣಿಯ ಚರ್ಮದ ಚಪ್ಪಲಿಯನ್ನು ಹತ್ತಿರದಿಂದ ತೋರಿಸಬೇಕು ಅನ್ನಿ. ಚರ್ಮದ ಸುಕ್ಕು, ಹೆಣಿಗೆಯ ಉಬ್ಬು ಬೇಕೇಬೇಕು. ಫೋಟೊದ ಬಣ್ಣದಿಂದ ನಾರ್ಮಲ್ ಮ್ಯಾಪ್ ಊಹಿಸುವ ಸರಳ ಸಾಫ್ಟ್‌ವೇರುಗಳು ಕಪ್ಪಗಿರುವುದೆಲ್ಲ ತಗ್ಗು, ಬೆಳ್ಳಗಿರುವುದೆಲ್ಲ ಉಬ್ಬು ಎಂದುಕೊಳ್ಳುತ್ತವೆ. ಚರ್ಮದ ಮೇಲಿನ ಕಲೆಯೂ ಹಳ್ಳವಾಗುತ್ತದೆ.

ಇದಕ್ಕೆ 1980ರಲ್ಲಿ ರಾಬರ್ಟ್ ವುಡಮ್ ವಿವರಿಸಿದ ಫೋಟೊಮೆಟ್ರಿಕ್ ಸ್ಟೀರಿಯೊ ಎಂಬ ವಿಧಾನ ಇದೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಅಲುಗದೆ ನಿಲ್ಲಬೇಕು. ಕತ್ತಲೆ ಕೋಣೆಯಲ್ಲಿ ಒಂದು ದೀಪವನ್ನು ಎಂಟು ದಿಕ್ಕಿನಿಂದ ಹಿಡಿದು ಎಂಟು ಫೋಟೊ. ಒಂದೊಂದು ಪಿಕ್ಸೆಲ್ ಯಾವ ದಿಕ್ಕಿನ ಬೆಳಕಿಗೆ ಎಷ್ಟು ಬೆಳಗಿತು ಎನ್ನುವುದರಿಂದ ಆ ಜಾಗ ಯಾವ ಕಡೆಗೆ ವಾಲಿದೆ ಎಂದು ಗೊತ್ತಾಗುತ್ತದೆ. ನಾರ್ಮಲ್ ಮ್ಯಾಪ್ ಊಹೆಯಲ್ಲ, ಅಳತೆ. ಅಡೋಬಿಯ ಸಬ್‌ಸ್ಟನ್ಸ್ ಸ್ಯಾಂಪ್ಲರ್ ಇಂಥ ಫೋಟೊಗಳನ್ನು ತೆಗೆದುಕೊಂಡು ಮ್ಯಾಪ್‌ಗಳನ್ನು ಮಾಡಿಕೊಡುತ್ತದೆ, ಆದರೆ ಅದಕ್ಕೆ ಚಂದಾ ಕಟ್ಟಬೇಕು. ಮೊದಲ ಸಲ ಒಂದು ದಿನವೇ ಹಿಡಿಯುತ್ತದೆ. ಚರ್ಮ, ಕೈಯಿಂದ ಮಾಡಿದ ಕಾಗದ, ತರಿ ಬಿಟ್ಟ ಕಲ್ಲು ಇಂಥವನ್ನು ಮಾರುವವರಿಗೆ ಕೆಲಸ ಮಾಡುತ್ತಿದ್ದರೆ ಆ ದಿನ ದಂಡವಲ್ಲ. ಹಿನ್ನೆಲೆಯ ವಸ್ತುವಿಗೆ ಇಷ್ಟು ಕಷ್ಟ ಪಡಬೇಡಿ.

ನೋಡ್‌ಗಳಿಂದ ಹುಟ್ಟಿಸುವುದು

ಇದು ಪ್ರೊಸೀಜರಲ್ ದಾರಿ: ಫೋಟೊ ಇಲ್ಲದೆ ಲೆಕ್ಕದಿಂದಲೇ ಮೇಲ್ಮೈ ಮಾಡುವುದು. ಒಂದೊಂದು ಲೆಕ್ಕ ಮಾಡುವ ಪೆಟ್ಟಿಗೆಯೇ ನೋಡ್, ಅವನ್ನು ಒಂದಕ್ಕೊಂದು ಜೋಡಿಸುತ್ತಾ ಹೋಗಬೇಕು. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ನಾಯ್ಸ್, ಅಂದರೆ ಲೆಕ್ಕದಿಂದ ಹುಟ್ಟುವ ಮೋಡದಂಥ ಏರಿಳಿತ, ಇವತ್ತಿಗೂ ಇದರ ತಾಯಿಬೇರು. 3ಡಿ ಸಾಫ್ಟ್‌ವೇರ್ ಬ್ಲೆಂಡರ್ ಮತ್ತು ಮೆಟೀರಿಯಲ್ ಮೇಕರ್ ಉಚಿತ, ಸಬ್‌ಸ್ಟನ್ಸ್ ಡಿಸೈನರ್‌ಗೆ ದುಡ್ಡು.

ಎಲ್ಲಿ ಗೆಲ್ಲುತ್ತದೆ? ಹಳೆ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿ. ಅಲ್ಲಿ ಚಿತ್ರ ಅನ್ನುವುದೇ ಇಲ್ಲ, ಮೋಡದ ಹಾಗೆ ತುಸು ಬದಲಾಗುವ ಕೆಂಪು ಮತ್ತು ಓಡಾಡಿ ಓಡಾಡಿ ಬಂದ ಹೊಳಪು. ನಾಯ್ಸ್ ಅದನ್ನು ಫೋಟೊಗಿಂತ ಚೆನ್ನಾಗಿ ಕೊಡುತ್ತದೆ. ಬೆತ್ತದ ಕುರ್ಚಿಯಲ್ಲೂ ಗೆಲ್ಲುತ್ತದೆ: ಎಂಟು ಮೂಲೆಯ ಒಂದು ಕಂಡಿ ಸರಿಯಾಗಿ ಹೆಣೆದರೆ ಮುಗಿಯಿತು, ಉಳಿದದ್ದು ಅದರ ಮರುಕಳಿಕೆ.

ಚನ್ನಪಟ್ಟಣದ ಬೊಂಬೆ ಇನ್ನೂ ಒಳ್ಳೆಯ ಉದಾಹರಣೆ. ಹಾಲೆ ಮರವನ್ನು ಚರಕಿಗೆ ಹಾಕಿ ತಿರುಗಿಸಿ, ತಿರುಗುತ್ತಿರುವಾಗಲೇ ಅರಗು ಒತ್ತಿ ಬಣ್ಣ ಹಚ್ಚುತ್ತಾರೆ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುತ್ತಾರೆ. ಬೊಂಬೆಯನ್ನು ಬೆಳಕಿಗೆ ಹಿಡಿದು ನೋಡಿ: ಮೈ ಸುತ್ತ ಕೂದಲಿಗಿಂತ ಸಣ್ಣ ಉಂಗುರಗಳು ಕಾಣುತ್ತವೆ, ಹೊಳಪು ಅವುಗಳಿಗೆ ಅಡ್ಡವಾಗಿ ಉದ್ದುದ್ದ ಎಳೆದಂತೆ ಬೀಳುತ್ತದೆ. ಇದನ್ನು ಫೋಟೊದಿಂದ ಟೈಲ್ ಮಾಡಲು ಹೋದವರು ಸೋಲುತ್ತಾರೆ. ಬೊಂಬೆಯ ಅಕ್ಷದ ಸುತ್ತ ಉಂಗುರಗಳನ್ನು ಲೆಕ್ಕದಿಂದ ಕೊಟ್ಟು, ಹೊಳಪನ್ನು ಒಂದು ದಿಕ್ಕಿಗೆ ಎಳೆಯುವ ಅನಿಸೊಟ್ರೊಪಿ ಸ್ವಲ್ಪ ಏರಿಸಿದರೆ ಅರಗು ಅರಗಿನ ಹಾಗೆಯೇ ಕಾಣುತ್ತದೆ. ಟೈಲ್ ಬೇಕಾಗುವುದೇ ಇಲ್ಲ.

ಬ್ಲೆಂಡರ್ ಒಳಗೇ ಚಿತ್ರ ಮುಗಿಸುವುದಾದರೆ ನಾಯ್ಸ್‌ಗೆ ಅಂಚೇ ಇಲ್ಲ. ಆದರೆ ಗ್ರಾಹಕರು ಫೋನಿನಲ್ಲಿ ತಿರುಗಿಸಿ ನೋಡುವ ಮಾದರಿ ಬೇಕು ಅಂದರೆ ಅದು ಜಿಎಲ್‌ಟಿಎಫ್ ಫೈಲ್ ಆಗಬೇಕು. ಬ್ಲೆಂಡರಿನ ನಾಯ್ಸ್ ನೋಡ್‌ಗಳು ಅದರೊಳಗೆ ಹೋಗುವುದಿಲ್ಲ, ಎಲ್ಲವನ್ನೂ ಚಿತ್ರವಾಗಿ ಉಳಿಸಬೇಕು, ಇದಕ್ಕೆ ಬೇಕ್ ಮಾಡುವುದು ಅನ್ನುತ್ತಾರೆ. ಆಗ ಮತ್ತೆ ಅಂಚಿನ ಚಿಂತೆ. ಇದಕ್ಕೊಂದು ಚೆಂದದ ಉಪಾಯ ಇದೆ: ನಾಯ್ಸ್ ನೋಡನ್ನು 4ಡಿ, ಅಂದರೆ ನಾಲ್ಕು ಆಯಾಮದ್ದು, ಮಾಡಿ, ಅಗಲವನ್ನು ಒಂದು ವೃತ್ತದ ಸುತ್ತ, ಎತ್ತರವನ್ನು ಇನ್ನೊಂದು ವೃತ್ತದ ಸುತ್ತ ಸೈನ್, ಕೊಸೈನ್ ಕೊಟ್ಟು ಸುತ್ತಿಸಿ. ವೃತ್ತಕ್ಕೆ ಶುರುವೂ ಇಲ್ಲ ಕೊನೆಯೂ ಇಲ್ಲ, ಹಾಗಾಗಿ ಜೋಡೂ ಇಲ್ಲ.

ಸೋಲುವುದು ಎಲ್ಲಿ? “ಇದೇ ಬಟ್ಟೆ ಬೇಕು” ಅಂದಲ್ಲಿ. ಮರದಲ್ಲಿಯೂ ಅಷ್ಟೆ, ನಿಜವಾದ ಬೀಟೆಯ ಹಾಗೆ ನೋಡ್ ಕಟ್ಟಲು ವರ್ಷಗಳ ಕೈಪಳಗು ಬೇಕು. ಕಲಿಯಲು ಸಮಯ ಜಾಸ್ತಿ ಹಿಡಿಯುತ್ತದೆ. ಕಲಿತ ಮೇಲೆ ಬಣ್ಣ ಬದಲಿಸಲು ಒಂದು ನಿಮಿಷ ಸಾಕು. ಒಂದೇ ಕುರ್ಚಿ ಹದಿನೈದು ಬಣ್ಣದಲ್ಲಿ ಬೇಕು ಅನ್ನುವ ಗಿರಾಕಿ ಇದ್ದರೆ ಲೆಕ್ಕ ಬೇಗ ಸರಿಹೋಗುತ್ತದೆ.

ಲೈಬ್ರರಿ

ಸಿದ್ಧ ಟೆಕ್ಸ್ಚರ್ ಸಿಗುವ ವೆಬ್‌ಸೈಟುಗಳಾದ ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ಎರಡರಲ್ಲೂ ಇರುವುದು ಸಿಸಿ0, ಅಂದರೆ ಮಾಡಿದವರು ಹಕ್ಕು ಬಿಟ್ಟುಕೊಟ್ಟ, ಟೆಕ್ಸ್ಚರುಗಳು. ಮಾರುವ ಕೆಲಸಕ್ಕೂ ಬಳಸಬಹುದು, ಹೆಸರು ಹಾಕಲೇಬೇಕು ಎಂದಿಲ್ಲ. ಗೋಡೆ, ನೆಲ, ಕಾಂಕ್ರೀಟ್, ಹುಲ್ಲು, ಸಾಮಾನ್ಯ ಮರ: ಹಿನ್ನೆಲೆಗೆ ಇವುಗಳಿಗಿಂತ ಒಳ್ಳೆಯದನ್ನು ನೀವೇ ಮಾಡುವ ಅಗತ್ಯವಿಲ್ಲ. ಆ ಸಮಯವನ್ನು ಉತ್ಪನ್ನಕ್ಕೆ ಇಡಿ. ಎಪಿಕ್ ಕಂಪನಿಯ ಫ್ಯಾಬ್‌ನಲ್ಲಿ ಸಿಗುವ ಮೆಗಾಸ್ಕ್ಯಾನ್ಸ್ ಸಂಗ್ರಹದ ಗುಣಮಟ್ಟ ಬಹಳ ಚೆನ್ನ, ಆದರೆ ಅದಕ್ಕೆ ಅದರದೇ ಲೈಸೆನ್ಸ್ ಇದೆ, ಓದಿಯೇ ಬಳಸಿ.

ನಮ್ಮ ವಸ್ತುಗಳು ಅಲ್ಲಿ ಸಿಗುವುದು ಕಡಿಮೆ. ಸಾದರಹಳ್ಳಿಯ ಬೂದು ಕಲ್ಲು, ಇಳಕಲ್ ಚೌಕಳಿ ಹುಡುಕಿ ಸಮಯ ಕಳೆಯಬೇಡಿ. ಇಳಿಸಿಕೊಂಡ ಟೆಕ್ಸ್ಚರಿನಲ್ಲಿ ನಾರ್ಮಲ್ ಮ್ಯಾಪ್ ಎರಡು ಬಗೆಯಲ್ಲಿ ಇರುತ್ತದೆ. ಬ್ಲೆಂಡರಿಗೆ ಓಪನ್‌ಜಿಎಲ್ ಬಗೆ, ಅನ್‌ರಿಯಲ್‌ಗೆ ಡೈರೆಕ್ಟ್‌ಎಕ್ಸ್ ಬಗೆ. ತಪ್ಪಿದರೆ ಉಬ್ಬು ತಗ್ಗಾಗಿ ಕಾಣುತ್ತದೆ, ಹಸಿರು ಚಾನೆಲ್ ತಿರುಗಿಸಿದರೆ ಸರಿಹೋಗುತ್ತದೆ. ರಫ್‌ನೆಸ್, ನಾರ್ಮಲ್ ಎರಡಕ್ಕೂ ಬ್ಲೆಂಡರಿನಲ್ಲಿ ‘ನಾನ್-ಕಲರ್’ ಆರಿಸಲು ಮರೆಯಬೇಡಿ. ಹೊಳಪು ವಿಚಿತ್ರವಾಗಿದೆ ಎಂದು ನನ್ನ ಬಳಿ ಬಂದ ಫೈಲುಗಳಲ್ಲಿ ಹೆಚ್ಚಿನವಕ್ಕೆ ಇದೊಂದೇ ಕಾರಣ.

ಎಐ

ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳಲ್ಲಿ ಅಂಚು ಕೂಡುವ ಹಾಗೆ ಚಿತ್ರ ಹುಟ್ಟಿಸುವ ವ್ಯವಸ್ಥೆ ಇದೆ. ಜೋಡು ನಿಜಕ್ಕೂ ಕಾಣುವುದಿಲ್ಲ. ಹಿನ್ನೆಲೆಯ ಗಾರೆ ಗೋಡೆಗೆ, ಕಲ್ಪನೆಯ ವಾಲ್‌ಪೇಪರಿಗೆ, ಗಿರಾಕಿಗೆ ಮೊದಲ ಐಡಿಯಾ ತೋರಿಸಲು ಬಳಸಬಹುದು.

ಮಾರುವ ವಸ್ತುವಿಗೆ ಬೇಡ ಎಂದು ಖಡಾಖಂಡಿತ ಹೇಳುತ್ತೇನೆ. ಅದಕ್ಕೆ ಅಳತೆ ಗೊತ್ತಿಲ್ಲ. ನೆರಳು ಬಣ್ಣದೊಳಗೇ ಸೇರಿರುತ್ತದೆ. ನೇಯ್ಗೆ ಬರೆದು ಕೊಟ್ಟಾಗ ಹಿಗ್ಗಿಸಿ ನೋಡಿದ್ದೇನೆ: ಹಾಸಿನ ಎಳೆ ಹೊಕ್ಕಿನ ಮೇಲೆ ಹೋಗಿ ಕೆಳಗೆ ಬರುವುದನ್ನೇ ಮರೆತಿರುತ್ತದೆ, ಎರಡು ಎಳೆ ಕರಗಿ ಒಂದಾಗಿರುತ್ತದೆ. ನೇಕಾರರೊಬ್ಬರಿಗೆ ಅವರದೇ ಸೀರೆ ಎಂದು ಇದನ್ನು ತೋರಿಸುವುದು ಸರಿಯಲ್ಲ. ಇಲ್ಲದ ಬಟ್ಟೆಯನ್ನು ಇದೆ ಎಂದು ಕೊಳ್ಳುವವರಿಗೆ ತೋರಿಸಿದ ಹಾಗೂ ಆಗುತ್ತದೆ, ಅಲ್ವಾ?

ಮರ, ಗ್ರಾನೈಟ್: ಎರಡು ಕಷ್ಟದ ಗಿರಾಕಿಗಳು

ಮರದ ಟೇಬಲ್ ಹೇಗೆ ಮಾಡುತ್ತಾರೆ ಎಂದು ಬಡಗಿಯ ಹತ್ತಿರ ನಿಂತು ನೋಡಿದ ಮೇಲೆ ನನ್ನ ಸಮಸ್ಯೆ ಬಗೆಹರಿಯಿತು. ಮೂರು ಅಡಿ ಅಗಲದ ಒಂದೇ ಹಲಗೆ ಸಾಮಾನ್ಯವಾಗಿ ಹಾಕುವುದಿಲ್ಲ. ಕಿರಿದಾದ ಹಲಗೆಗಳನ್ನು ಅಂಟು ಹಾಕಿ ಕೂಡಿಸುತ್ತಾರೆ. ಅಂದರೆ ನಿಜವಾದ ಟೇಬಲಿನಲ್ಲೇ ಜೋಡು ಇದೆ! ಹಾಗಾಗಿ ಈಗ ಮರವನ್ನು ಟೈಲ್ ಮಾಡುವುದನ್ನೇ ಬಿಟ್ಟಿದ್ದೇನೆ. ನಾಲ್ಕೈದು ಬೇರೆಬೇರೆ ಹಲಗೆಗಳ ಉದ್ದ ಫೋಟೊ ತೆಗೆಯುತ್ತೇನೆ. ಮಾದರಿಯಲ್ಲೂ ಹಲಗೆಗಳನ್ನು ಬೇರೆಬೇರೆ ಇಡುತ್ತೇನೆ. ಬ್ಲೆಂಡರಿನ ‘ಆಬ್ಜೆಕ್ಟ್ ಇನ್ಫೊ’ ನೋಡಿನ ‘ರ‍್ಯಾಂಡಮ್’ ಸಂಖ್ಯೆಯಿಂದ ಒಂದೊಂದು ಹಲಗೆಗೂ ಟೆಕ್ಸ್ಚರ್ ಬೇರೆ ಜಾಗದಿಂದ ಶುರುವಾಗುತ್ತದೆ. ಹಲಗೆಯ ತುದಿಗೆ, ಅಂದರೆ ಅಡ್ಡ ಕುಯ್ದ ಮುಖಕ್ಕೆ, ಬೇರೆ ಚಿತ್ರ. ಅಲ್ಲಿ ಉದ್ದ ಗೆರೆ ಬಂದರೆ ಮರದವರು ಮೊದಲು ಅದನ್ನೇ ಹಿಡಿಯುತ್ತಾರೆ.

ಗ್ರಾನೈಟ್ ಬೇರೆ ಬಗೆ. ಹರಳುಗಳು ಎಲ್ಲೆಂದರಲ್ಲಿ ಚೆಲ್ಲಿವೆ, ಆದರೆ ಒಟ್ಟು ನೋಟ ಎಲ್ಲ ಕಡೆ ಒಂದೇ. ಅಂಗಡಿಯವರು ಕೊಡುವ ಅಂಗೈಯಗಲದ ಸ್ಯಾಂಪಲನ್ನು ಸ್ಕ್ಯಾನ್ ಮಾಡಿ ಬೆಳೆಸಬಹುದು. 2001ರಲ್ಲಿ ಎಫ್ರೋಸ್, ಫ್ರೀಮನ್ ಎಂಬ ಸಂಶೋಧಕರು ತೋರಿಸಿದ ಇಮೇಜ್ ಕ್ವಿಲ್ಟಿಂಗ್ ಕೌದಿ ಹೊಲಿದ ಹಾಗೆಯೇ ಕೆಲಸ ಮಾಡುತ್ತದೆ. ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯಿಸಿ, ವ್ಯತ್ಯಾಸ ಅತಿ ಕಡಿಮೆ ಇರುವ ಅಂಕುಡೊಂಕು ಗೆರೆಯಲ್ಲಿ ಕತ್ತರಿಸಿ ಕೂಡಿಸುತ್ತದೆ. ಗಿಂಪ್‌ನ ರೀಸಿಂಥಸೈಜರ್ ಪ್ಲಗಿನ್ನಿನ ವಿಧಾನ ಬೇರೆ, ಆದರೆ ಅದರಿಂದಲೂ ಟೆಕ್ಸ್ಚರ್ ಬೆಳೆಸಬಹುದು. ರಕ್ತನಾಳದಂಥ ಉದ್ದ ಗೆರೆ ಇರುವ ಕಲ್ಲಿಗೆ ಇದು ಬೇಡ, ಗೆರೆ ತುಂಡಾಗುತ್ತದೆ. ಅಂಥ ಕಲ್ಲಿಗೆ ಇಡೀ ಚಪ್ಪಡಿಯ ಫೋಟೊವೇ ಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ

ಕಲಿಯುತ್ತಿರುವವರು: ಕ್ರಿಟಾ, ಬ್ಲೆಂಡರ್, ಒಂದು ಫೋನ್, ಒಂದು ಸ್ಕೇಲ್. ಒಂದು ತಿಂಗಳು ಲೈಬ್ರರಿ ಮುಟ್ಟದೆ ಮನೆಯ ನೆಲ, ಚಾಪೆ, ಟವೆಲ್ಲನ್ನೇ ಟೈಲ್ ಮಾಡಿ.

ಬಟ್ಟೆ ಅಂಗಡಿಗೆ ಕೆಲಸ ಮಾಡುವವರು: ಬೇರೆ ಏನೂ ಕೊಳ್ಳುವ ಮೊದಲು ಸ್ಕ್ಯಾನರ್. ಹಳೆಯ ಸಿಸಿಡಿ ಸ್ಕ್ಯಾನರ್ ಸಿಕ್ಕರೆ ಇನ್ನೂ ಒಳ್ಳೆಯದು.

ಪೀಠೋಪಕರಣದವರು ಮರಕ್ಕೆ ಪೋಲರೈಸಿಂಗ್ ಫಿಲ್ಮ್ ಹಾಕಿದ ಫೋಟೊ, ಗಾದಿಗೆ ಸ್ಕ್ಯಾನ್, ಗೋಡೆ ನೆಲಕ್ಕೆ ಲೈಬ್ರರಿ ಇಟ್ಟುಕೊಳ್ಳಿ. ಮೂರನ್ನೂ ಬೆರೆಸುವುದರಲ್ಲಿ ತಪ್ಪಿಲ್ಲ, ನನ್ನ ಹೆಚ್ಚಿನ ಕೆಲಸ ಹೀಗೆಯೇ ನಡೆಯುತ್ತದೆ.

ಸಬ್‌ಸ್ಟನ್ಸ್ ಚಂದಾ ಯಾವಾಗ? ತಿಂಗಳು ತಿಂಗಳೂ ಹೊಸ ಮೆಟೀರಿಯಲ್ ಬರುತ್ತಿದ್ದರೆ, ಒಂದೇ ವಸ್ತು ಹಲವು ಬಣ್ಣದಲ್ಲಿ ಬೇಕಿದ್ದರೆ. ವರ್ಷಕ್ಕೆ ಎರಡು ಕೆಲಸಕ್ಕೆ ಬೇಡ.

ಫೋನಿನಲ್ಲಿ ತಿರುಗಿಸಿ ನೋಡುವ ಮಾದರಿ ಮಾಡುವವರಿಗೆ ಒಂದು ಲೆಕ್ಕ. 4096 × 4096 ಪಿಕ್ಸೆಲಿನ ಚಿತ್ರ ಜೆಪೆಗ್ ಫೈಲಾಗಿ ಚಿಕ್ಕದಿರಬಹುದು, ಗ್ರಾಫಿಕ್ಸ್ ಮೆಮೊರಿಯಲ್ಲಿ ಬಿಡಿಸಿಕೊಂಡಾಗ 64 ಎಂಬಿ. 2048 ಆದರೆ 16. ಬಣ್ಣ, ನಾರ್ಮಲ್, ರಫ್‌ನೆಸ್ ಮೂರಕ್ಕೂ 4096 ಹಾಕಿದರೆ ಒಂದೇ ಮೆಟೀರಿಯಲ್‌ಗೆ 192 ಎಂಬಿ. ಇಂಥಲ್ಲಿ ಚೆನ್ನಾಗಿ ಮಾಡಿದ ಸಣ್ಣ ಟೈಲ್ ದೊಡ್ಡ ಚಿತ್ರಕ್ಕಿಂತ ಎಷ್ಟೋ ಮೇಲು.

ಯಾವ ದಾರಿ ಹಿಡಿದರೂ ಕಳಿಸುವ ಮೊದಲು ಇಷ್ಟು ಮಾಡಿ. ಟೈಲನ್ನು ಐದು ಅಡ್ಡ, ಐದು ಉದ್ದ ಹಾಸಿ. ಚಿತ್ರವನ್ನು ಚಿಕ್ಕದು ಮಾಡಿ, ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿ. ಸಾಲಾಗಿ ಏನಾದರೂ ಕಂಡರೆ ಅದನ್ನು ಅಳಿಸಿ. ಬಣ್ಣದ ಚಿತ್ರದಲ್ಲಿ, 0ಯಿಂದ 255ರ ಲೆಕ್ಕದಲ್ಲಿ, ಅತಿ ಕಪ್ಪು 30ಕ್ಕಿಂತ ಕೆಳಗೆ, ಅತಿ ಬಿಳಿ 240ಕ್ಕಿಂತ ಮೇಲೆ ಹೋಗದಿರಲಿ, ಹೋದರೆ ಬೆಳಕಿನಲ್ಲಿ ಅಸಹಜವಾಗಿ ಕಾಣುತ್ತದೆ. ನಿಜವಾದ ತುಂಡನ್ನು ಪರದೆಯ ಪಕ್ಕ ಹಿಡಿದು, ಸ್ಕೇಲ್ ಇಟ್ಟು, ಚೌಕದ ಅಳತೆ ಸರಿ ಇದೆಯಾ ನೋಡಿ. ಆಮೇಲೆ ಆ ವಸ್ತುವನ್ನು ದಿನವೂ ಕೈಯಲ್ಲಿ ಹಿಡಿಯುವ ಒಬ್ಬರಿಗೆ, ಬಡಗಿಯೋ ನೇಕಾರರೋ ಕಲ್ಲಿನವರೋ, ಏನೂ ಹೇಳದೆ ಚಿತ್ರ ತೋರಿಸಿ. ಅವರು ಬೆರಳಿಟ್ಟ ಜಾಗವನ್ನು ತಿದ್ದಿ.